ಬೆಲೆ ಇಳಿದ ಗಾಡಿ, ಇಳಿಯದ ಖರ್ಚು

ಲಗ್ನದ ದಿನಗಳಲ್ಲಿ ಕೆ.ಆರ್. ಪೇಟೆಯಲ್ಲೋ ನಾಗಮಂಗಲದಲ್ಲೋ ಒಂದು ಛತ್ರದ ಮುಂದೆ ನಿಂತು ನೋಡಿ. ಬಾಗಿಲಿಗೆ ಹತ್ತಿರದ ಜಾಗವೆಲ್ಲ ಎದೆಯೆತ್ತರದ ಬಾನೆಟ್ಟಿನ ದೊಡ್ಡ ಗಾಡಿಗಳಿಗೇ ಮೀಸಲು. ಫಾರ್ಚೂನರ್ ಇರುತ್ತದೆ, ಎಂಡೀವರ್ ಇರುತ್ತದೆ, ಅಪರೂಪಕ್ಕೊಂದು ಪಜೇರೊ ಇರುತ್ತದೆ. ಎಲ್ಲವೂ ಹೊಸವು ಅಂದುಕೊಳ್ಳಬೇಡಿ. ಬೆಂಗಳೂರಿನಲ್ಲೋ ದೆಹಲಿಯಲ್ಲೋ ಯಾರೋ ಹತ್ತು ವರ್ಷ ಓಡಿಸಿ, ಸಾಕೆನಿಸಿ ಕೊಟ್ಟವು ಅವುಗಳಲ್ಲಿ ಬೇಕಾದಷ್ಟಿವೆ. ಪಾಲಿಶ್ ಹಾಕಿಸಿ, ಸೀಟ್ ಕವರ್ ಬದಲಾಯಿಸಿ ತಂದು ನಿಲ್ಲಿಸಿದರೆ ಬೀಗರ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹೀಗೆ ತರುವುದು ತಪ್ಪು ಅಂತ ನಾನು ಹೇಳುವುದಿಲ್ಲ. ಹೊಸ ಸಣ್ಣ ಕಾರಿನ ದುಡ್ಡಿಗೆ ಏಳು ಜನ ಕೂರುವ, ಕಲ್ಲು ಮುಳ್ಳಿಗೆ ಹೆದರದ ಗಾಡಿ ಸಿಗುವುದಾದರೆ ಆಸೆಪಡುವುದು ಸಹಜ. ಆದರೆ ಈ ವ್ಯಾಪಾರದಲ್ಲಿ ಒಂದು ಲೆಕ್ಕ ಎಲ್ಲರ ಕೈಗೂ ತಪ್ಪುತ್ತದೆ. ಹಳೆಯದಾದಂತೆ ಗಾಡಿಯ ಬೆಲೆ ಇಳಿಯುತ್ತದೆ, ಅದರ ಬಿಡಿಭಾಗದ ಬೆಲೆ ಇಳಿಯುವುದಿಲ್ಲ. 2009ರಲ್ಲಿ 18 ಲಕ್ಷದ ಆಸುಪಾಸಿಗೆ ಬಂದ ಗಾಡಿಯನ್ನು ನೀವು ಇವತ್ತು ಎಷ್ಟಕ್ಕಾದರೂ ಕೊಳ್ಳಿ, ಅದರ ಟೈರು, ಟರ್ಬೊ, ಇಂಜೆಕ್ಟರು ದೊಡ್ಡ ಗಾಡಿಯ ಟೈರು, ಟರ್ಬೊ, ಇಂಜೆಕ್ಟರುಗಳೇ. ಚೌಕಾಸಿ ಮಾಡಿ ನೀವು ಎರಡು ಲಕ್ಷ ಇಳಿಸಿದ್ದು ಅಂಗಡಿಯವನಿಗೆ ಗೊತ್ತಿರುವುದಿಲ್ಲ. ಅದಕ್ಕೇ ನನ್ನ ಮಾತು ಇಷ್ಟೆ: ಕೈಯಲ್ಲಿ ಹತ್ತು ಲಕ್ಷ ಇದ್ದರೆ ಏಳು ಲಕ್ಷದ ಗಾಡಿ ನೋಡಿ. ಉಳಿದ ಮೂರು ಲಕ್ಷವೂ ಗಾಡಿಯದೇ, ಮೊದಲ ವರ್ಷದಲ್ಲಿ ಅದು ಕೇಳಿ ಪಡೆಯುತ್ತದೆ.

ಈ ಜಾತಿಯ ಗಾಡಿ ಹುಟ್ಟಿದ್ದೇ ಹೊಲಕ್ಕಾಗಿ ಅನ್ನುವುದು ಇವತ್ತು ಮರೆತೇಹೋಗಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿನ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ಎಂಬ ಎಂಜಿನಿಯರು ತನ್ನ ತೋಟದಲ್ಲಿ ಸೈನ್ಯದ ಹಳೇ ಜೀಪೊಂದನ್ನು ಇಟ್ಟುಕೊಂಡಿದ್ದ. ಅದನ್ನು ನೋಡಿಯೇ 1948ರಲ್ಲಿ ಲ್ಯಾಂಡ್ ರೋವರ್ ಬಂತು. ರೈತ ಅದರಿಂದ ಬೇಸಾಯದ ಯಂತ್ರವನ್ನೂ ತಿರುಗಿಸಬಹುದಿತ್ತು. ನಮ್ಮಲ್ಲಿ ಮಹೀಂದ್ರಾದವರು ವಿಲ್ಲೀಸ್ ಜೀಪ್ ಜೋಡಿಸಲು ತೊಡಗಿದ್ದೂ ಆ ಕಾಲದಲ್ಲೇ. 1970ರಲ್ಲಿ ಬಂದ ಮೊದಲ ರೇಂಜ್ ರೋವರಿನ ಒಳಗನ್ನು ನೀರಿನ ಪೈಪು ಹಿಡಿದು ತೊಳೆಯಬಹುದಿತ್ತು. ಆಮೇಲೆ ಚರ್ಮದ ಸೀಟು ಬಂತು, ಗಾಳಿ ತುಂಬಿದ ಸಸ್ಪೆನ್ಷನ್ ಬಂತು, ನೆಲ ಬಿಟ್ಟು ಮೇಲೆ ಹೋಯಿತು. ಈಗ ಅದೇ ಗಾಡಿ ಮುಪ್ಪಿನಲ್ಲಿ ಬೆಲೆ ಕಳೆದುಕೊಂಡು ಹಿಂದಿನ ಸೀಟು ಮಡಚಿಸಿಕೊಂಡು ತೆಂಗಿನಕಾಯಿ ಹೊರುತ್ತಿದೆ. ಕೆಟ್ಟದ್ದೇನಲ್ಲ.

ಯಾವ ಗಾಡಿ ಅನ್ನುವ ಪ್ರಶ್ನೆಗೆ ನನ್ನದು ಸ್ವಲ್ಪ ಪಕ್ಷಪಾತದ ಉತ್ತರ. ನಮ್ಮ ಮಂಡ್ಯ ಸೀಮೆಯವರಿಗೆ 2009ರಿಂದ 2016ರವರೆಗೆ ಬಂದ ಮೊದಲ ತಲೆಮಾರಿನ ಫಾರ್ಚೂನರ್ ಸಾಕು. ಅದು ತಯಾರಾದದ್ದು ಇಲ್ಲೇ ಬಿಡದಿಯಲ್ಲಿ ಎಂಬ ಅಭಿಮಾನಕ್ಕೆ ಹೇಳುತ್ತಿಲ್ಲ. ಅದರ 3 ಲೀಟರ್ ಡೀಸೆಲ್ ಎಂಜಿನ್ನು, ಬಾಡಿಗೆಗೆ ಓಡುವ ಹಳೇ ಇನ್ನೋವಾದ ಎರಡೂವರೆ ಲೀಟರ್ ಎಂಜಿನ್ನು, ಎರಡೂ ಒಂದೇ ಕುಟುಂಬದವು. ಇನ್ನೋವಾ ಬಿಚ್ಚಿದ ಮೇಸ್ತ್ರಿ ಮಂಡ್ಯದಲ್ಲೂ ಇದ್ದಾನೆ, ಪಾಂಡವಪುರದಲ್ಲೂ ಇದ್ದಾನೆ. ರಾತ್ರಿ ಹತ್ತು ಗಂಟೆಗೆ ಕಿಕ್ಕೇರಿ ರಸ್ತೆಯಲ್ಲಿ ನಿಂತುಹೋದ ಗಾಡಿಗೆ ಬೇಕಾದದ್ದು ಕಂಪನಿಯ ಹೆಸರಲ್ಲ, ಅದರ ಮೈ ಬಲ್ಲ ಮೇಸ್ತ್ರಿ.

ಪಜೇರೊ ಮೇಲೆ ನನಗೂ ಮೋಹವಿದೆ. 2002ರಲ್ಲಿ ಹಿಂದೂಸ್ತಾನ್ ಮೋಟಾರ್ಸಿನವರು ತಮಿಳುನಾಡಿನ ತಿರುವಳ್ಳೂರಿನಲ್ಲಿ ಜೋಡಿಸಿ ಮಾರಿದ ಆ ಗಾಡಿ ಕೆಸರಿನಲ್ಲಿ ಒಳ್ಳೆಯ ಗಟ್ಟಿಗ. ಆದರೆ ಈಗ ಒಂದು ಬಾಗಿಲ ಹಿಡಿ ಮುರಿದರೂ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು. ಫೋರ್ಡ್ ಕಂಪನಿ 2021ರ ಸೆಪ್ಟೆಂಬರಿನಲ್ಲಿ ನಮ್ಮ ದೇಶದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ ಸಾರಿತು. ಫೋರ್ಡಿನ ಎಂಡೀವರ್ ಒಳ್ಳೆಯ ಗಾಡಿಯೇ, ತರುವವರು ಅದನ್ನು ನೆನಪಿಟ್ಟುಕೊಂಡು ತನ್ನಿ. ಇನ್ನು ಲ್ಯಾಂಡ್ ರೋವರ್ ಡಿಸ್ಕವರಿಯಂಥವು. ಸ್ಪ್ರಿಂಗಿನ ಬದಲು ಗಾಳಿಚೀಲ ಇರುವ ಗಾಡಿಯನ್ನು ರಾತ್ರಿ ಸಮನಾದ ನೆಲದಲ್ಲಿ ನಿಲ್ಲಿಸಿ ಬೆಳಿಗ್ಗೆ ನೋಡಬೇಕು. ಒಂದು ಮೂಲೆ ಕುಸಿದಿದ್ದರೆ ಚೀಲದ ರಬ್ಬರು ಸೀಳಿದೆ ಅಥವಾ ಪೈಪು ಸೋರುತ್ತಿದೆ ಎಂದರ್ಥ. ಸೋರಿದ ಗಾಳಿಯನ್ನು ತುಂಬಲು ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಸುಟ್ಟುಹೋಗುತ್ತದೆ. ಬಹಳ ಜನ ಕಂಪ್ರೆಸರ್ ಬದಲಾಯಿಸಿ ಸೋರಿಕೆಯನ್ನು ಹಾಗೇ ಬಿಡುತ್ತಾರೆ. ಹೊಸ ಕಂಪ್ರೆಸರೂ ಅದೇ ದಾರಿ ಹಿಡಿಯುತ್ತದೆ. ಹತ್ತಿರದಲ್ಲಿ ಅದನ್ನು ಬಲ್ಲ ಕೈ ಇಲ್ಲದಿದ್ದರೆ ಆ ಕಡೆ ತಲೆ ಹಾಕಬೇಡಿ.

ಗಾಡಿ ನೋಡುವ ವಿದ್ಯೆ ನಮಗೆ ಹೊಸದಲ್ಲ. ಬೇಬಿ ಬೆಟ್ಟದ ಜಾತ್ರೆಯಲ್ಲಿ, ಹೇಮಗಿರಿಯ ದನಗಳ ಜಾತ್ರೆಯಲ್ಲಿ ನಮ್ಮ ಹಿರೀಕರು ಎತ್ತು ಕೊಳ್ಳುತ್ತಿದ್ದುದನ್ನು ನೆನೆಸಿಕೊಳ್ಳಿ. ಕೊಂಬಿಗೆ ಬಳಿದ ಬಣ್ಣ, ಕೊರಳ ಗೆಜ್ಜೆಯ ಕಡೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಬಾಯಿ ತೆರೆಸಿ ಹಲ್ಲು ನೋಡುವರು, ಸುಳಿ ನೋಡುವರು, ನಾಲ್ಕು ಹೆಜ್ಜೆ ನಡೆಸುವರು. ಆಮೇಲೆ ತಾನೇ ಟವಲಿನ ಕೆಳಗೆ ಬೆರಳು ಹಿಡಿದು ಬೆಲೆಯ ಮಾತು? ಅದೇ ಹಿರೀಕರ ಮೊಮ್ಮಕ್ಕಳು ಗಾಡಿಯ ಮುಂದೆ ನಿಂತಾಗ ಮಾತ್ರ ಮೊದಲು ಮ್ಯೂಸಿಕ್ ಸಿಸ್ಟಂ ಹಾಕಿ ನೋಡುತ್ತಾರೆ.

ನೆಂಟರಿಷ್ಟರು ಗಾಡಿ ನೋಡಲು ನನ್ನನ್ನು ಕರೆದುಕೊಂಡು ಹೋಗುವುದುಂಟು. ಬೆಳ್ಳೂರು ಕ್ರಾಸಿನ ಹತ್ತಿರ ಒಂದು ಕಡೆ ನನ್ನ ಸೋದರಳಿಯನ ಜೊತೆ ಹೋಗಿದ್ದೆ. ಬಿಳಿ ಫಾರ್ಚೂನರ್, ಫೋರ್ ಬೈ ಫೋರ್. ಮಾರುವವರು ಬಾಯಿಪಾಠ ಒಪ್ಪಿಸಿದರು: "ಸಿಂಗಲ್ ಓನರ್ ಸಾರ್, ಡಾಕ್ಟ್ರು ಗಾಡಿ. ಕೆಲ್ಸ ಏನೂ ಇಲ್ಲ, ಡೀಸೆಲ್ ಹಾಕಿ ಓಡ್ಸದಷ್ಟೇಯ." ಹುಡುಗ ನನ್ನ ಕಿವಿಯಲ್ಲಿ, "ಮಾವ, ಅಡ್ವಾನ್ಸ್ ಕೊಟ್ಬುಡ್ಲಾ?" ಅಂದ. ನಾನು ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು. ನಾವು ಬರುವ ಮೊದಲೇ ಸ್ಟಾರ್ಟ್ ಮಾಡಿ ಕಾಯಿಸಿ ಇಟ್ಟಿದ್ದರು. "ನಾಳೆ ಬೆಳಿಗ್ಗೆ ಬತ್ತೀವಿ, ಮುಟ್ಟಬೇಡಿ" ಅಂತ ಹೇಳಿ ಬಂದೆವು.

ಯಾಕೆ ಅಂದರೆ ಈ ಎಂಜಿನ್ನಿನ ಗುಟ್ಟು ಇರುವುದೇ ತಣ್ಣಗಿನ ಮೊದಲ ಸ್ಟಾರ್ಟಿನಲ್ಲಿ. ನಾಲ್ಕು ಇಂಜೆಕ್ಟರುಗಳ ಬುಡದಲ್ಲಿ ತಾಮ್ರದ ವಾಷರುಗಳಿರುತ್ತವೆ. ಅವು ಸವೆದರೆ ಸಿಲಿಂಡರಿನ ಸುಟ್ಟ ಗಾಳಿ ಮೇಲಕ್ಕೆ ನುಗ್ಗಿ ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ. ಆಯಿಲ್ ಡಾಂಬರಿನ ಹಾಗೆ ಗಟ್ಟಿಯಾಗಿ, ಕೆಳಗೆ ಸಂಪಿನಲ್ಲಿ ಆಯಿಲ್ ಎಳೆಯುವ ಜಾಲರಿಯನ್ನು ಕಟ್ಟುತ್ತದೆ. ಜಾಲರಿ ಕಟ್ಟಿದ ದಿನ ಟರ್ಬೊಗೂ ಬೇರಿಂಗಿಗೂ ಆಯಿಲ್ ಇಲ್ಲ. ವಾಷರಿನ ಬೆಲೆ ಚಿಲ್ಲರೆ, ಎಂಜಿನ್ ಕೆಲಸ ಲಕ್ಷಗಳಲ್ಲಿ. ಹಾಗಾಗಿ ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ಹಿಂದೆ ನಿಂತು ಬಿಳಿ ಹೊಗೆ ನೋಡಿ, ಟಿಕ್ ಟಿಕ್ ಸದ್ದು ಕೇಳಿ. ಆಯಿಲ್ ಮುಚ್ಚಳ ತೆಗೆದು, ಒಳಗೆ ಕಪ್ಪು ಗಸಿ ಕಟ್ಟಿದೆಯೇ, ಹೊಗೆ ಬುಸುಗುಡುತ್ತಿದೆಯೇ ನೋಡಿ. ಕೊಂಡ ವಾರದಲ್ಲೇ ಸಂಪ್ ಇಳಿಸಿ ಜಾಲರಿ ತೊಳೆಸಿ, ವಾಷರ್ ಬದಲಾಯಿಸಿಬಿಡಿ. ಟೈಮಿಂಗ್ ಬೆಲ್ಟ್‌ಗೆ ಒಂದೂವರೆ ಲಕ್ಷ ಕಿಲೋಮೀಟರಿನ ಆಯಸ್ಸು. ಹೊತ್ತು ಬಂದಾಗ ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತುತ್ತದೆ. ಬೆಲ್ಟ್ ಬದಲಾಯಿಸದೆ ದೀಪವನ್ನಷ್ಟೇ ಆರಿಸುವ ಜಾಣರಿದ್ದಾರೆ. ಬಿಲ್ಲು ಕೇಳಿ, ಬಿಲ್ಲಿಲ್ಲದಿದ್ದರೆ ಬೆಲ್ಟ್ ಹಳೆಯದೇ ಅಂತ ಲೆಕ್ಕ ಹಾಕಿ.

ಮಾರನೆಯ ಬೆಳಿಗ್ಗೆ ಆ ಗಾಡಿಯ ಎಂಜಿನ್ನು ಪರವಾಗಿಲ್ಲ ಅನ್ನಿಸಿತು. ಆಮೇಲೆ ನಾನು ಟೈರು ನೋಡಿದೆ. ಟೈರಿನ ಪಕ್ಕದಲ್ಲಿ ಮೊಟ್ಟೆಯಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಮೂರು ಟೈರು ಒಂದೇ ವರ್ಷದವು, ನಾಲ್ಕನೆಯದು ಬೇರೆ ಕಂಪನಿಯದು, ಹೊಸದು. ಸದಾ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿಯಲ್ಲಿ ಇದು ಸಲ್ಲದು. ಒಂದು ಚಕ್ರದ ಸುತ್ತಳತೆ ಹೆಚ್ಚು ಕಡಿಮೆಯಾದರೆ ನಡುವಿನ ಡಿಫರೆನ್ಷಿಯಲ್ಲು ಟಾರು ರಸ್ತೆಯಲ್ಲೂ ಪುರುಸೊತ್ತಿಲ್ಲದೆ ಸವೆಯುತ್ತದೆ. ಟೈರು ಹಾಕಿಸುವುದಿದ್ದರೆ ನಾಲ್ಕೂ ಒಟ್ಟಿಗೆ, ಒಂದೊಂದಕ್ಕೆ ಹತ್ತು ಹದಿನೈದು ಸಾವಿರ.

ಕೊನೆಗೆ ಸೀಟ್ ಬೆಲ್ಟನ್ನು ಪೂರ್ತಿ ಎಳೆದೆ. ಸುರುಳಿಯ ಕೊನೆಯ ಒಂದು ಮೊಳ ಯಾರೂ ತೊಳೆಯದ ಜಾಗ. ಅಲ್ಲಿ ಬೆಲ್ಟಿಗೆ ಅಡ್ಡಲಾಗಿ ಕೆಮ್ಮಣ್ಣಿನ ಕಲೆ ಕಂಡಿತು. ಮುಂದಿನ ಸೀಟಿನ ಕೆಳಗೆ ಕೈ ಹಾಕಿದರೆ ಹಳಿಯ ಬೋಲ್ಟುಗಳಲ್ಲಿ ತುಕ್ಕು. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಹತ್ತಿರ ಹೆದ್ದಾರಿಯೇ ಕೆರೆಯಾಗಿತ್ತಲ್ಲ, ಅದಾದ ವಾರದಲ್ಲೇ ಬೆಂಗಳೂರಿನ ಯಮಲೂರು ಕಡೆ ಕೋಟಿ ಬೆಲೆಯ ಕಾರುಗಳು ಮುಳುಗಿದ್ದವು. ನೀರು ಕುಡಿದ ಗಾಡಿಗಳು ಎಲ್ಲಿಗೂ ಹೋಗುವುದಿಲ್ಲ, ತೊಳೆಸಿಕೊಂಡು ಸೆಕೆಂಡ್ಸ್ ಮಾರ್ಕೆಟ್ಟಿಗೇ ಬರುತ್ತವೆ. ಈ ಗಾಡಿ ಎಲ್ಲಿ ಮುಳುಗಿತ್ತೋ ಗೊತ್ತಿಲ್ಲ, ಮುಳುಗಿದ್ದಂತೂ ಹೌದು. ಬೇಡ ಅಂತ ಹೇಳಿ ವಾಪಸ್ ಬಂದೆವು. ಸೋದರಳಿಯ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದ.

ತಂದ ಮೇಲಿನ ಮಾತು ಇನ್ನೂ ಬೇರೆ. ನಮ್ಮ ಸೀಮೆಗೆಂದೇ ಇರುವ ಕೆಲವು ಕಾಟಗಳು ಕಂಪನಿಯ ಪುಸ್ತಕದಲ್ಲಿ ಸಿಗುವುದಿಲ್ಲ.

ಮೊದಲನೆಯದು ಒಕ್ಕಣೆ. ಸುಗ್ಗಿ ಬಂತೆಂದರೆ ನಾಗಮಂಗಲ, ಕೆ.ಆರ್. ಪೇಟೆಯ ಖುಷ್ಕಿ ಊರುಗಳಲ್ಲಿ ಕಣ ಮಾಡುವವರು ಕಡಿಮೆಯಾಗಿ ರಾಗಿ, ಹುರುಳಿ ಎಲ್ಲ ಟಾರು ರಸ್ತೆಗೇ ಬರುತ್ತದೆ. ಹುರುಳಿ ಬಳ್ಳಿ ಕೆಟ್ಟದ್ದು. ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ಹಗ್ಗದ ಹಾಗೆ ಸುತ್ತಿಕೊಳ್ಳುತ್ತದೆ. ಫೋರ್ ಬೈ ಫೋರ್ ಗಾಡಿಗೆ ಮುಂದೊಂದು ಹಿಂದೊಂದು ಎರಡು ಶಾಫ್ಟು. ಪಕ್ಕದಲ್ಲೇ ಕಾದ ಸೈಲೆನ್ಸರು. ಸುತ್ತಿಕೊಂಡ ಒಣ ಹುಲ್ಲು ಉಜ್ಜಿ ಉಜ್ಜಿ ಬೆಂಕಿ ಹತ್ತಿ ಗಾಡಿಗಳು ಸುಟ್ಟ ಸುದ್ದಿಯನ್ನು ನೀವೂ ಪೇಪರಿನಲ್ಲಿ ಓದಿದ್ದೀರಿ. ಗಾಡಿ ಎತ್ತರ ಇದೆ ಅಂತ ನುಗ್ಗಿಸಬೇಡಿ. ದಾಟಲೇಬೇಕಾದರೆ ನಿಧಾನಕ್ಕೆ ದಾಟಿ, ಮುಂದೆ ಹೋಗಿ ನಿಲ್ಲಿಸಿ, ಬಗ್ಗಿ ಕೆಳಗೆ ನೋಡಿ, ಕೈಗೆ ಸಿಗುವಷ್ಟು ಕಿತ್ತು ಹಾಕಿ. ಶಾಫ್ಟಿನ ಎರಡು ತುದಿಯ ಸೀಲುಗಳನ್ನೂ ಈ ಬಳ್ಳಿ ತಿನ್ನುತ್ತದೆ. ಸೀಲು ಹೋದರೆ ಆಯಿಲ್ ಹೊರಗೆ, ಕೆಸರು ನೀರು ಒಳಗೆ. ಡಿಫರೆನ್ಷಿಯಲ್ ಆಯಿಲ್ ಬಿಚ್ಚಿದಾಗ ಹಾಲು ಬೆರೆಸಿದ ಕಾಫಿಯ ಬಣ್ಣ ಬಂದರೆ ಒಳಗೆ ನೀರಿದೆ ಅಂತ ಗೊತ್ತುಮಾಡಿಕೊಳ್ಳಿ. ಎಂಜಿನ್ನಿಗೊಂದು, ಗೇರ್‌ಬಾಕ್ಸಿಗೊಂದು, ಟ್ರಾನ್ಸ್‌ಫರ್ ಕೇಸಿಗೊಂದು, ಹಿಂದೆ ಮುಂದೆ ಡಿಫರೆನ್ಷಿಯಲ್ಲಿಗೊಂದೊಂದು, ಹೀಗೆ ಐದು ಕಡೆ ಆಯಿಲ್ ಇರುವ ಗಾಡಿ ಇದು. ನಮ್ಮವರು ಎಂಜಿನ್ ಆಯಿಲ್ ಬದಲಾಯಿಸಿ ಸರ್ವೀಸ್ ಆಯಿತು ಅನ್ನುತ್ತಾರೆ.

ಎರಡನೆಯದು ಬೋರ್‌ವೆಲ್ ನೀರು. ರೇಡಿಯೇಟರಿನಲ್ಲಿ ನೀರು ಕಡಿಮೆ ಕಂಡಿತೆಂದು ತೋಟದ ಪೈಪು ಹಿಡಿಯುವ ಅಭ್ಯಾಸವನ್ನು ಬಿಡಲೇಬೇಕು. ನಮ್ಮ ಬೋರಿನ ಗಡಸು ನೀರು ಸ್ನಾನದ ಹಂಡೆಯಲ್ಲಿ ಬಿಳಿ ಪಕ್ಕು ಕಟ್ಟುವುದನ್ನು ನೋಡಿಲ್ಲವೇ? ರೇಡಿಯೇಟರಿನ ಕೂದಲಿನಂಥ ಕೊಳವೆಗಳಲ್ಲೂ ಅದೇ ಕಟ್ಟುತ್ತದೆ. ಮೇಲುಕೋಟೆ ಬೆಟ್ಟ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇಳುವುದು ಆಗಲೇ. ಕೂಲೆಂಟನ್ನೇ ಹಾಕಿ. ನೀರು ಯಾಕೆ ಕಡಿಮೆಯಾಯಿತು ಅಂತ ಮೊದಲು ಹುಡುಕಿ.

ಮೂರನೆಯದು ಇಲಿ. ದೊಡ್ಡ ಗಾಡಿಯನ್ನು ಹಬ್ಬಕ್ಕೆ, ಮದುವೆಗೆ ಮಾತ್ರ ತೆಗೆಯುವ ಮನೆಗಳಲ್ಲಿ ಅದು ಹುಲ್ಲಿನ ಮೆದೆಯ ಪಕ್ಕದ ಶೆಡ್ಡಿನಲ್ಲಿ ವಾರಗಟ್ಟಲೆ ನಿಂತಿರುತ್ತದೆ. ಶ್ರೀರಂಗಪಟ್ಟಣದ ಕಡೆ ಭತ್ತದ ಕುಯ್ಲು ಮುಗಿಯುತ್ತಲೇ ಗದ್ದೆಯ ಇಲಿ ಬೆಚ್ಚನೆಯ ಜಾಗ ಹುಡುಕಿಕೊಂಡು ಬಾನೆಟ್ಟಿನೊಳಗೆ ಸೇರುತ್ತದೆ. ಅದು ಕಡಿಯುವುದು ವೈರು. ಎಲ್ಲಿ ಕಡಿದಿದೆ ಅಂತ ಹುಡುಕುವ ಕೂಲಿಯೇ ವೈರಿನ ನೂರು ಪಟ್ಟು. ಓಡಿಸದೆ ಇಟ್ಟ ಗಾಡಿ ಓಡಿಸಿದ ಗಾಡಿಗಿಂತ ಬೇಗ ಹಾಳಾಗುತ್ತದೆ. ವಾರಕ್ಕೊಮ್ಮೆ ಪಾಂಡವಪುರದಿಂದ ಜಕ್ಕನಹಳ್ಳಿವರೆಗಾದರೂ ಹೋಗಿಬನ್ನಿ. ತಿಂಗಳಿಗೊಮ್ಮೆ ಹೊಲದ ಮಣ್ಣಿನಲ್ಲಿ ಫೋರ್ ಬೈ ಫೋರಿನ ಲಿವರನ್ನು ಹಾಕಿ ನಾಲ್ಕು ಮಾರು ಓಡಿಸಿ ತೆಗೆಯಿರಿ. ಉಪಯೋಗಿಸದ ಲಿವರು ಬೇಕಾದ ದಿನ ಅಲ್ಲಾಡುವುದಿಲ್ಲ. ಟಾರು ರಸ್ತೆಯಲ್ಲಿ ಮಾತ್ರ ಅದನ್ನು ಲಾಕ್ ಮಾಡಿ ಓಡಿಸಬಾರದು.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ಫೋರ್ ಬೈ ಫೋರ್ ಇರುವುದು ಎಳೆಯಲಿಕ್ಕೆ, ನಿಲ್ಲಿಸಲಿಕ್ಕಲ್ಲ. ಎರಡು ಟನ್ ತೂಗುವ ಗಾಡಿ ವಿಶ್ವೇಶ್ವರಯ್ಯ ನಾಲೆಯ ಒದ್ದೆ ಏರಿಯ ಮೇಲೆ ಜಾರಲು ಶುರುವಾದರೆ ನಾಲ್ಕು ಚಕ್ರಕ್ಕೆ ಬಲ ಇದ್ದರೂ ಬ್ರೇಕು ಹಿಡಿಯುವುದು ಮಾಮೂಲಿ ಕಾರಿನಷ್ಟೇ, ಕೆಲವು ಸಲ ಅದಕ್ಕಿಂತ ಕಡಿಮೆ. 2018ರ ನವೆಂಬರಿನಲ್ಲಿ ಕನಗನಮರಡಿಯ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದರು. ತಡೆಗೋಡೆ ಇಲ್ಲದ ನಾಲೆಯ ಪಕ್ಕ ಯಾವ ಗಾಡಿಯೂ ದೊಡ್ಡದಲ್ಲ. ಕೊಂಡ ಮೊದಲ ತಿಂಗಳಲ್ಲಿ ಮ್ಯೂಸಿಕ್ ಸಿಸ್ಟಂಗೆ ಹಾಕುವ ದುಡ್ಡನ್ನು ಬ್ರೇಕ್ ಪ್ಯಾಡು, ಡಿಸ್ಕು, ಬ್ರೇಕ್ ಆಯಿಲ್‌ಗೆ ಹಾಕಿ.

ಅಲಂಕಾರದ ವಿಚಾರ ಬಂದದ್ದಕ್ಕೆ ಇನ್ನೊಂದು. ಮುಂದಿನ ಬುಲ್ ಬಾರು ಕಾನೂನಿಗೆ ವಿರುದ್ಧ ಅಂತ ಕೇಂದ್ರ ಸಾರಿಗೆ ಇಲಾಖೆ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆಯಿತು. ಗಾಜಿನ ಕಪ್ಪು ಫಿಲ್ಮನ್ನು ಸುಪ್ರೀಂ ಕೋರ್ಟು 2012ರಲ್ಲೇ ಬೇಡವೆಂದಿದೆ. ಹಳೇ ಗಾಡಿಯ ಜೊತೆ ಇವೆರಡೂ ಬಳುವಳಿಯಾಗಿ ಬಂದಿರುತ್ತವೆ. ಕಿತ್ತು ಹಾಕಿ. ಎಂ.ಎಲ್.ಎ. ಗಾಡಿಯಂತೆ ಕಾಣದಿದ್ದರೆ ಊರಿನಲ್ಲಿ ಯಾರೂ ಊಟ ಹಾಕದೆ ಕಳಿಸುವುದಿಲ್ಲ.

ಇನ್ನು ಕಾಗದಪತ್ರ. ಅಗ್ಗದ ಗಾಡಿಗಳು ಬಹಳಷ್ಟು ಬರುವುದು ದೆಹಲಿಯ ಕಡೆಯಿಂದ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸುವಂತಿಲ್ಲ ಎಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿಂದ ಬೆಲೆ ಬಿತ್ತು. ಆದರೆ ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಇಲ್ಲಿಯ ನಂಬರ್ ಹಾಕಿಸಲೇಬೇಕು. ಮಂಡ್ಯದ ಕೆ.ಎ. 11 ಆಗಲಿ ನಾಗಮಂಗಲದ ಕೆ.ಎ. 54 ಆಗಲಿ, ಆ ನಂಬರಿನ ಜೊತೆಗೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ ಬರುತ್ತದೆ. ದೊಡ್ಡ ಗಾಡಿಗೆ ಅದು ದೊಡ್ಡ ಮೊತ್ತವೇ. ಬ್ರೋಕರು ಹೇಳುವ ಬೆಲೆಯಲ್ಲಿ ಅದು ಸೇರಿರುವುದಿಲ್ಲ. ಆರ್.ಟಿ.ಓ. ಆಫೀಸಿನಲ್ಲಿ ಲೆಕ್ಕ ಕೇಳಿಕೊಂಡು ಬಂದು ಆಮೇಲೆ ಚೌಕಾಸಿಗೆ ಕೂರಿ.

ಆರ್.ಸಿ.ಗೂ ವಯಸ್ಸಾಗುತ್ತದೆ. ಸ್ವಂತ ಬಳಕೆಯ ಗಾಡಿಗೆ 15 ವರ್ಷ. 2010ರ ಗಾಡಿಯ ಅವಧಿ 2025ಕ್ಕೆ ಮುಗಿಯಿತು. ಅದಾದ ಮೇಲೆ ಗಾಡಿ ತೋರಿಸಿ, ಎಫ್.ಸಿ. ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಮೊದಲು 600 ರೂಪಾಯಿ ಇದ್ದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 5,000 ಆಯಿತು. ವಿದೇಶದಿಂದ ಆಮದಾದ ಗಾಡಿಗೆ 15,000 ಇದ್ದದ್ದು 40,000. ಇಪ್ಪತ್ತು ವರ್ಷ ದಾಟಿದವಕ್ಕೆ 2025ರಲ್ಲಿ ಇನ್ನೂ ಏರಿಸಿದ್ದಾರೆ. ಹಳೇ ಲ್ಯಾಂಡ್ ಕ್ರೂಸರ್ ಕನಸು ಕಾಣುವವರು ಆರ್.ಸಿ.ಯಲ್ಲಿ ಆಮದು ಅಂತ ಇದೆಯೇ ನೋಡಿಕೊಳ್ಳಿ.

ಹಿಂದಿನ ಮಾಲೀಕರ ಸಾಲ ತೀರಿದ್ದರೂ ಆರ್.ಸಿ.ಯಲ್ಲಿ ಎಚ್.ಪಿ., ಅಂದರೆ ಸಾಲದ ನಮೂದು, ಹಾಗೇ ಉಳಿದಿರುವುದು ಸಾಮಾನ್ಯ. ಬ್ಯಾಂಕಿನ ಎನ್.ಓ.ಸಿ., ಫಾರಂ 35 ಕೈಗೆ ಬರದೆ ಪೂರ್ತಿ ದುಡ್ಡು ಕೊಡಬೇಡಿ. ವರ್ಗಾವಣೆಗೆ ಫಾರಂ 29, ಫಾರಂ 30. ಚಾಸಿ ನಂಬರನ್ನು ಆರ್.ಸಿ. ನೋಡಿ ಸುಮ್ಮನಾಗಬೇಡಿ, ಫ್ರೇಮಿನ ಮೇಲೆ ಕೊರೆದಿರುವುದನ್ನು ಬಟ್ಟೆಯಿಂದ ಒರೆಸಿ ಅಂಕಿ ಅಂಕಿಯಾಗಿ ಓದಿ. ಆ ಜಾಗದ ಹತ್ತಿರ ವೆಲ್ಡಿಂಗ್ ಗುರುತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಇನ್ಶೂರೆನ್ಸು 14 ದಿನದೊಳಗೆ ನಿಮ್ಮ ಹೆಸರಿಗೆ ಬರುವಂತೆ ಅರ್ಜಿ ಕೊಡಿ.

ಮಾರುವವರಿಗೂ ಇದೇ ತಲೆಬಿಸಿ ಇರಬೇಕು, ಇರುವುದಿಲ್ಲ. ಖಾಲಿ ಫಾರಂಗೆ ಸಹಿ ಹಾಕಿ ಬ್ರೋಕರ್ ಕೈಗೆ ಕೊಟ್ಟು ದುಡ್ಡು ಎಣಿಸಿಕೊಂಡು ಮನೆಗೆ ಬಂದುಬಿಡುತ್ತಾರೆ. ಆ ಗಾಡಿ ಮೂರು ಕೈ ಬದಲಾಗಿ ಎಲ್ಲೋ ಅಪಘಾತ ಮಾಡಿದರೂ, ಆರ್.ಸಿ.ಯಲ್ಲಿ ಹೆಸರಿರುವವರೇ ಮಾಲೀಕರು, ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ಕೊಟ್ಟಿದೆ. ಗಾಜಿಗೆ ಅಂಟಿಸಿದ ಫಾಸ್ಟ್ಯಾಗನ್ನು ಕೊಡುವ ಮುಂಚೆ ಕಿತ್ತು, ಬ್ಯಾಂಕಿಗೆ ಹೇಳಿ ಮುಚ್ಚಿಸಿ. ಇಲ್ಲದಿದ್ದರೆ ಕೊಂಡವರು ಗಣಂಗೂರು ಟೋಲಿನಲ್ಲಿ ಹಾದುಹೋದಾಗಲೆಲ್ಲ ನಿಮ್ಮ ಖಾತೆಯಿಂದ ದುಡ್ಡು ಹೋಗುತ್ತಿರುತ್ತದೆ.